ಎರಡು ಓಮ್

ರುಸ್ತಾವಿಯ ಕಾರು ಸಂತೆಯ ಹಿಂದೆ ಏಳನೇ ತಗಡಿನ ಶೆಡ್ಡು ನನ್ನದು.
ಎಂಟಕ್ಕೇ ಬಂದು ನಿಂತಿದ್ದಾಳೆ ತ್ಸಿಯುರಿ,
ಬೂದು ಕಾರು, ಬಾಗಿಲು ತೆಗೆದರೆ
ಬಿಸಿ ರೊಟ್ಟಿಯ ವಾಸನೆ.
'ಈ ಕೆಂಪು ದೀಪ ನೋಡು ತಮಾಜ್.
ಕೂತ ಮನುಷ್ಯ, ಎದುರಿಗೊಂದು ಗುಂಡು ಚೆಂಡು.
ಮೂರು ವಾರದಿಂದ ಹತ್ತಿಕೊಂಡೇ ಇದೆ.
ಬಾರ್ಬರೆ ಅಂತಾಳೆ, ಅಜ್ಜೀ, ಅವನಿಗೆ ಕಲ್ಲಂಗಡಿ ಸಿಕ್ಕಿದೆ,
ಹೇಗೆ ತಿನ್ನೋದು ಅಂತ ಗೊತ್ತಾಗ್ತಿಲ್ಲ.'

ಮೊದಲ ಗುಮಾನಿ ಸೀಟಿನಡಿಯ ಹಳದಿ ಪ್ಲಗ್ಗಿನ ಮೇಲೆ.
ರೊಟ್ಟಿಯ ತಟ್ಟೆ ತುರುಕಿ ತುರುಕಿ ವೈರು ಸಡಿಲಾಗುತ್ತದೆ,
ಬಹಳಷ್ಟು ಕಾರಿನ ಕತೆ ಇಷ್ಟೇ.
ಟಾರ್ಚು ಕಚ್ಚಿಕೊಂಡು ಮಂಡಿಯೂರಿದೆ:
ರೊಟ್ಟಿಯ ಚೂರು, ಹೇರ್‌ಪಿನ್ನು, ಇಪ್ಪತ್ತು ತೆತ್ರಿಯ ನಾಣ್ಯ,
ಬತ್ತಿದ ಒಂದು ದ್ರಾಕ್ಷಿ.
ಪ್ಲಗ್ಗು ಉಜ್ಜಿ, ಊದಿ, ಕಟಕ್ ಅಂತ ಕೂರಿಸಿದೆ.
ಕೀ ತಿರುಗಿಸಿದರೆ ಅವನು ಅಲ್ಲೇ ಇದ್ದಾನೆ,
ಕಲ್ಲಂಗಡಿ ಹಿಡಿದು.

ಸ್ಕ್ಯಾನರು ಹೇಳಿತು: ಚಾಲಕನ ಚೀಲ, ಸಂಪರ್ಕ ಕಡಿದಿದೆ.
ಎಲ್ಲಿ ಅಂತ ತೋರಿಸುತ್ತದೆ, ಯಾಕೆ ಅಂತ ಹೇಳುವುದಿಲ್ಲ,
ಹೊಟ್ಟೆನೋವು ಅಂತ ಅಳುವ ಮಗುವಿನ ಹಾಗೆ.
'ಹಾರ್ನ್ ಒತ್ತು' ಅಂದೆ. ಕೂಗಿತು.
ಟೈರಂಗಡಿಯ ನಾಯಿ ಎದ್ದು ಕೂತಿತು.
ಹಾರ್ನ್ ಕೂಗಿದರೆ ಸ್ಟೀರಿಂಗಿನೊಳಗಿನ ಸುರುಳಿ ಪಟ್ಟಿ
ಬಹುಮಟ್ಟಿಗೆ ನೆಟ್ಟಗಿದೆ ಅಂತ ಅರ್ಥ.
ಉಳಿದದ್ದು ಚೀಲವೇ.

ಬ್ಯಾಟರಿ ಕಳಚಿದೆ. ಈಗ ಕಾಯಬೇಕು.
ಕರೆಂಟು ಹೋದಮೇಲೂ ಆ ಪೆಟ್ಟಿಗೆಯೊಳಗೆ
ಒಂದಿಷ್ಟು ಸಿಟ್ಟು ಉಳಿದಿರುತ್ತದೆ,
ಹತ್ತು ನಿಮಿಷ ಸುಮ್ಮನಿದ್ದರೆ ತಾನೇ ಇಳಿಯುತ್ತದೆ.
ಅವಸರಪಟ್ಟವರ ಮೂಗು ನೋಡಿದ್ದೇನೆ.
ತ್ಸಿಯುರಿ ರೊಟ್ಟಿ ಮುರಿದು ನನಗರ್ಧ ಕೊಟ್ಟಳು.
'ಪೋತಿಗೆ ಹಡಗಲ್ಲಿ ಬಂದದ್ದಂತೆ ಈ ಕಾರು.
ಬರೀ ಬಂಪರು ತರಚಿತ್ತು ಅಂದ ಮಾರಿದವನು.
ಆರು ವರ್ಷ ಆಯ್ತು.'
ಯಾರೂ ಕುಂಬಳಕಾಯಿಯ ಮಾತೆತ್ತಿರಲಿಲ್ಲ,
ನನ್ನ ಕೈ ಹೆಗಲಿಗೆ ಹೋಯಿತು.

ಹಿಂದಿನಿಂದ ಎರಡು ಸ್ಕ್ರೂ. ಮುಚ್ಚಳ ಎತ್ತಿದೆ.
ಚೀಲವಿಲ್ಲ.
ಸ್ಪಂಜಿನ ತುಂಡು, ಮಡಚಿ ತುರುಕಿದ ಹಳೇ ಪತ್ರಿಕೆ,
ವೈರುಗಳ ತುದಿಗೆ ಅಕ್ಕಿಕಾಳಿನಷ್ಟು ರೆಸಿಸ್ಟರು.
ಎರಡು ಓಮ್.
ಕಂಪ್ಯೂಟರು 'ಇದ್ದೀಯಾ?' ಅಂದಾಗಲೆಲ್ಲ
'ಇದ್ದೇನೆ' ಅನ್ನುವುದಷ್ಟೇ ಅದರ ಕೆಲಸ.
ನಿಯತ್ತಾಗಿ ಸುಳ್ಳು ಹೇಳಿ ಹೇಳಿ
ಮೂರು ವಾರದ ಕೆಳಗೆ ಬೆಸುಗೆ ಬಿಟ್ಟು
ಸುಮ್ಮನಾಗಿದೆ.
ದೀಪ ಕೆಟ್ಟಿರಲಿಲ್ಲ.
ಆರು ವರ್ಷ ಆರಿದ್ದದ್ದೇ ಕೆಟ್ಟದ್ದು.

ಬೆಸುಗೆಯ ಮೇಲೆ ಹಸಿರು ಟೇಪು, ಮೂರು ಸುತ್ತು,
ತುದಿ ಮಡಚಿದೆ, ಬಿಚ್ಚುವವನ ಉಗುರಿಗೆ ಸಿಗಲಿ ಅಂತ.
ಗುರಾಮ್ ಕಲಿಸಿದ ಮಡಿಕೆ.
ಈ ಸಂತೆಯಲ್ಲಿ ಹಾಗೆ ಮಡಚುವವರು ಇಬ್ಬರೇ ಇದ್ದೆವು,
ಅವನು ತೀರಿಹೋಗಿ ಒಂಬತ್ತು ವರ್ಷ.

ಆ ಚಳಿಗಾಲ ಕಾರಿಗೆ ನಲವತ್ತು ಲರಿ ಸಿಗುತ್ತಿತ್ತು,
ವಾರಕ್ಕೆ ಹದಿನೈದು ಕಾರು.
ಕೊಳ್ಳುವವರ ಮುಖ ನಾವು ನೋಡುತ್ತಿರಲಿಲ್ಲ.
ರೆಸಿಸ್ಟರು ಈಗಲೂ ಇದೆ ಡ್ರಾಯರಿನಲ್ಲಿ, ಡಬ್ಬಿ ತುಂಬ.
ಐದು ನಿಮಿಷದ ಕೆಲಸ, ದೀಪ ಆರುತ್ತದೆ,
ಇವಳು ಇನ್ನರ್ಧ ರೊಟ್ಟಿಯನ್ನೂ ಕೊಟ್ಟು ಹೋಗುತ್ತಾಳೆ.

'ಇದೇನು, ಪೇಪರು?' ಬಗ್ಗಿ ನೋಡಿದಳು.
'ನನ್ನ ಕೈಕೆಲಸ' ಅಂದೆ.

ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದಳು.
ಆಮೇಲೆ, 'ಬಲಗಡೆ ನನ್ನಕ್ಕ ಕೂರ್ತಾಳೆ.
ಅದನ್ನೂ ಬಿಚ್ಚು.'
ಬಿಚ್ಚಿದೆ. ಅಲ್ಲೂ ಹಸಿರು ಟೇಪು.

ಎರಡು ಹೊಸ ಚೀಲ ಬರಲು ಹನ್ನೊಂದು ದಿನ.
ದುಡ್ಡು ನಾನೇ ಕಟ್ಟಿದೆ, ಅವಳು ಬೇಡ ಅನ್ನಲಿಲ್ಲ.
ಕೀ ತಿರುಗಿಸಿದೆ: ದೀಪ ಹತ್ತಿತು, ಒಂದು, ಎರಡು,
ಆರಕ್ಕೆ ಆರಿತು.
ಹಿಂದಿನ ಸೀಟಿನಿಂದ ಬಾರ್ಬರೆ, 'ತಿಂದುಬಿಟ್ಟ!'
ತ್ಸಿಯುರಿ ನಗಲಿಲ್ಲ. ಅವತ್ತು ರೊಟ್ಟಿಯನ್ನೂ ಕೊಡಲಿಲ್ಲ.

ಈಗ ಸಿಗ್ನಲ್ಲಿನಲ್ಲಿ ನಿಂತಾಗ
ಪಕ್ಕದ ಕಾರುಗಳೊಳಗೆ ಇಣುಕುತ್ತೇನೆ.
ಎಲ್ಲಾದರೂ ಕೆಂಪು ಕಂಡರೆ
ಸ್ವಲ್ಪ ಸಮಾಧಾನ.
ಹೆಚ್ಚಿನವು ಕತ್ತಲೆ.